ದೇವಕ್ಕನಿಗೆ ಹೊಂದುವ ಡಿಶ್

ಶಹಾಪುರದ ಹಳೆ ಪೇಟೆಯಲ್ಲಿ ವರ್ಷಗಟ್ಟಲೆ ಬಾಡಿಗೆಗಿದ್ದು, ಸುರಪುರ ರಸ್ತೆಯ ಹೊಸ ಬಡಾವಣೆಯಲ್ಲಿ ಸ್ವಂತ ಮನೆ ಕಟ್ಟಿ ಮುಗಿಸಿದ ಮೇಲೆ, ಸಂಗಮನಾಥನ ಮನೆಯ ಐವರಲ್ಲಿ ನಾಲ್ವರು ಅಲ್ಲಿಗೆ ಹೋದರು. ಐದನೆಯವಳಾದ ಅವನ ತಾಯಿ ದೇವಕ್ಕ ಹೋಗಲಿಲ್ಲ.

ಗೃಹಪ್ರವೇಶಕ್ಕೆ ಬಂದಿದ್ದಳು. ಹಾಲು ಉಕ್ಕಿಸುವಾಗ ಎಲ್ಲರಿಗಿಂತ ಮುಂದೆ ನಿಂತಿದ್ದಳು, ಬಂದವರಿಗೆ ಹುಗ್ಗಿ ಬಡಿಸಿದ್ದಳು. ಸಂಜೆಯಾಗುತ್ತಲೇ ಚಪ್ಪಲಿ ಮೆಟ್ಟಿ ಆಟೋ ಹತ್ತಿ ಹಳೆ ಮನೆಗೆ ವಾಪಸಾದಳು. ಅಲ್ಲಿ ಇನ್ನೂ ಒಂದು ಮಂಚ, ಒಂದು ಒಲೆ, ಹಳೆಯ ಟಿ.ವಿ. ಉಳಿದಿದ್ದವು. ಮನೆ ಬಿಡಲು ತಿಂಗಳ ಕೊನೆಯವರೆಗೆ ಅವಕಾಶವಿತ್ತು.

ಕಾರಣ ಮನೆಯವರಿಗೆಲ್ಲ ಗೊತ್ತಿತ್ತು. ಹಳೆ ಮನೆಯ ಗೋಡೆಗೆ ಹತ್ತಿದ ಮನೆ ಗಾದಿ ತುಂಬುವ ದಸ್ತಗೀರಸಾಬನದು. ಅವನ ಹೆಂಡತಿ ಆಮೀನಾ ದಿನಾ ಸಂಜೆ ಏಳೂವರೆಗೆ ಬಂದು ದೇವಕ್ಕನ ಮಂಚದ ಮೇಲೆ ಕೂತು ಒಂದು ಧಾರಾವಾಹಿ ನೋಡುತ್ತಿದ್ದಳು. ನೋಡುವುದೆಂದರೆ ಇಬ್ಬರೂ ಕೂಡಿ ಅದರೊಂದಿಗೆ ಜಗಳಾಡುವುದು. ದೇವಕ್ಕ ತನ್ನ ಸೊಸೆಗೆ ಹೇಳಲಾಗದ್ದನ್ನು ಪರದೆಯ ಮೇಲಿನ ಸೊಸೆಗೆ ಹೇಳುತ್ತಿದ್ದಳು. ಆಮೀನಾ, ಎಂದೋ ತೀರಿಹೋದ ತನ್ನ ಅತ್ತೆಗೆ ಹೇಳದೆ ಉಳಿದದ್ದನ್ನು ಪರದೆಯ ಮೇಲಿನ ಹಸಿರು ಸೀರೆಯ ಅತ್ತೆಗೆ ಹೇಳುತ್ತಿದ್ದಳು. ಅದು ಮುಗಿದ ಮೇಲೆ ಇಬ್ಬರಿಗೂ ಹಸಿವಾಗುತ್ತಿತ್ತು.

ಮೊದಲ ವಾರ ಸಂಗಮನಾಥ ತಾಯಿಯನ್ನು ಕರೆಯಲು ಬಂದ. ಅವನು ಸಾರಿಗೆ ಬಸ್ಸಿನ ಕಂಡಕ್ಟರ್. ಸೈದಾಪುರದ ಟ್ರಿಪ್ಪು ಮುಗಿಸಿ ಖಾಕಿಯಲ್ಲೇ ಬಂದಿದ್ದ. ಅವನ ಮಗಳು ನಾಗಲಕ್ಷ್ಮಿ, ಪಿಯುಸಿ ಓದುವವಳು, ಅಜ್ಜಿಗೆ ಬುತ್ತಿ ತಂದಿದ್ದಳು.

“ಯವ್ವಾ, ಜನ ಏನಂತಾರ ಗೊತ್ತದೇನು? ಬಸ್ಸಿನ್ಯಾಗ ಕೇಳಾಕತ್ತಾರ. ಮನಿ ಕಟ್ಟಿ ಅವ್ವನ್ನ ಹಳಿ ಮನ್ಯಾಗ ಬಿಟ್ಟೀಯಂತಲ್ಲೋ ಅಂತ.”

“ಟಿಕೀಟ್ ಕೊಟ್ಟು ಮುಂದ ಹೋಗು. ಅವರ ಮಾತಿಗಿ ಚಿಲ್ಲರ ಯಾಕ ಕೊಡ್ತಿ?”

“ನನಗಲ್ಲ, ಕಸ್ತೂರಿಗಿ ಅಂತಾರ. ಸೊಸಿ ಹೊರಗ ಹಾಕ್ಯಾಳ ಅಂತ.”

“ಆಕಿ ಹಾಕಿಲ್ಲ, ನಾನಾ ಹೊರಗ ಬಿದ್ದೀನಿ ಅಂತ ಹೇಳು.”

ಮಂಚದ ತುದಿಯಲ್ಲಿದ್ದ ಆಮೀನಾ ಕತ್ತು ಚಾಚಿದಳು. “ಅಕ್ಕಾ, ಹೋಗು. ಮಗಾ ಕರಿಯಾಕ ಬಂದಾನ. ನನ್ನ ಸಲುವಾಗಿ ಕುಂದರಬ್ಯಾಡ.”

“ನಿನ್ನ ಸಲುವಾಗಿ ಯಾರ ಕುಂತಾರ? ಧಾರಾವಾಹಿ ಸಲುವಾಗಿ ಕುಂತೀನಿ.”

“ಅರೆ, ಅಲ್ಲೀನೂ ಟಿ.ವಿ. ಹಾಕ್ತಾರಲ್ಲ!”

“ಒಬ್ಬಾಕಿ ಕುಂತು ಯಾರಿಗಿ ಬೈಲಿ? ಗ್ವಾಡಿಗಿ ಬೈಲೇನು?”

ಬುತ್ತಿ ಬಿಚ್ಚುತ್ತಿದ್ದ ನಾಗಲಕ್ಷ್ಮಿ ತಲೆ ಎತ್ತಿದಳು. “ಆಯಿ, ಒಂದು ಕೆಲಸ ಮಾಡು. ನೀ ಅಲ್ಲಿ ಟಿ.ವಿ. ಹಚ್ಚು, ಆಮೀನಾ ನಾನಿ ತನ್ನ ಮನ್ಯಾಗ ಹಚ್ಚಲಿ. ಫೋನ್ ಸ್ಪೀಕರಿಗಿ ಇಟ್ಟು ಮಾತಾಡಕೋತ ನೋಡ್ರಿ. ಒಂದಾ ಮಂಚದ ಮ್ಯಾಲ ಕುಂತಂಗ ಆಗ್ತದ.”

“ನಮ್ಮ ಮನ್ಯಾಗ ಆ ಹೊತ್ತಿಗಿ ಸಾಬರು ಸುದ್ದಿ ನೋಡ್ತಾರವ್ವಾ,” ಎಂದಳು ಆಮೀನಾ.

ಗೋಡೆಯಾಚೆಯಿಂದ ದಸ್ತಗೀರಸಾಬನ ದನಿ ಬಂತು: “ನೋಡ್ರೆವ್ವಾ, ನೋಡ್ರಿ! ಸುದ್ದಿ ಎಲ್ಲಿ ಓಡಿ ಹೋಗ್ತದ? ಒಂಬತ್ತಕ್ಕ ಮತ್ತ ಅದಾ ಬರ್ತದ!”

ದೇವಕ್ಕ ರೊಟ್ಟಿ ಮುರಿದು ಯೋಚಿಸಿದಳು. “ಹಾಕ್ರಿ ಹಂಗಾದ್ರ. ಹೊಂದಿದ್ರ ಬರ್ತೀನಿ. ಇಲ್ಲಾಂದ್ರ ಈ ಮನಿ ಬಿಟ್ಟ ಮ್ಯಾಲ ಆಮೀನಾನ ಪಡಸಾಲ್ಯಾಗ ಮಲಗ್ತೀನಿ.”

ಅದು ಬರೀ ಮಾತಲ್ಲ ಎಂದು ಮಗನಿಗೆ ಗೊತ್ತಿತ್ತು.

ಹೊಸ ಮನೆಯಲ್ಲಿ ಮರುದಿನ ಊಟಕ್ಕೆ ಕೂತಾಗ ಪ್ರಶ್ನೆ ಎದ್ದಿತು: ಯಾವ ಡಿಶ್? ಹಳೆ ಮನೆಗೂ ಆಮೀನಾಳ ಮನೆಗೂ ಕೇಬಲ್ ಕೊಟ್ಟಿದ್ದ ಮಲ್ಕಪ್ಪ ಆಗಲೇ ಕೈ ಎತ್ತಿದ್ದ. “ಕಾಲುವಿ ದಾಟಿ ನಿಮ್ಮದೊಂದು ಓಣಿಗಿ ವೈರ್ ಎಳಿಯಾಕ ಆಗಂಗಿಲ್ರಿ, ಡಿಶ್ ಹಾಕ್ಕೋರಿ” ಎಂದಿದ್ದ. ಬಡಾವಣೆಯ ಮಾಳಿಗೆಗಳ ಮೇಲೆ ಮೂರು ಬಗೆಯ ಡಿಶ್‌ಗಳಿದ್ದವು. ಕಂಪನಿಗಳ ಹೆಸರು ಯಾರೂ ಹೇಳುತ್ತಿರಲಿಲ್ಲ. ಕೆಂಪನೆಯದು, ನೀಲಿಯದು, ಪುಕ್ಕಟೆಯದು ಅನ್ನುತ್ತಿದ್ದರು.

“ಪುಕ್ಕಟೀದಾ ಹಾಕ್ರಿ,” ಎಂದ ಮಲ್ಲಣ್ಣ. ದೇವಕ್ಕನ ಗಂಡ, ಸುರಪುರದಲ್ಲಿ ಲೈನ್‌ಮನ್ ಆಗಿದ್ದು ನಿವೃತ್ತನಾದವನು. “ಮುಗಲಿಂದ ಬರೂದಕ್ಕ ತಿಂಗಳಾ ತಿಂಗಳಾ ರೊಕ್ಕ ಯಾಕ? ಬಿಸಲಿಗಿ ಕೊಡ್ತೀಯೇನು? ಮಳಿಗಿ ಕೊಡ್ತೀಯೇನು?”

“ಮುತ್ಯಾ, ಅದರಾಗ ಆಯಿ ನೋಡೂ ಚಾನೆಲ್ ಬರಂಗಿಲ್ಲ,” ಎಂದಳು ನಾಗಲಕ್ಷ್ಮಿ. “ಡಿಶ್ಶಾ ಬ್ಯಾಡ. ಇಂಟರ್ನೆಟ್ ಹಾಕ್ರಿ, ನನ್ನ ಕ್ಲಾಸೂ ಆಗ್ತದ.”

“ಇಂಟರ್ನೆಟ್ಟಿನ ವೈರೂ ಕಾಲುವಿ ದಾಟಿಲ್ಲವ್ವಾ,” ಎಂದ ಸಂಗಮನಾಥ. “ಕೆಂಪಂದು ಛಲೋ. ಕ್ರಿಕೆಟ್ಟಿನ ಚಾನೆಲ್ ಎಲ್ಲಾ ಅದಾವ. ದಿನಾ ಮಂದಿ ಬಾಯಿ ಕೇಳಿ ಬರ್ತೀನಿ, ಮನ್ಯಾಗ ಒಂದೀಟು ಆಟಾ ನೋಡಬಾರದೇನು?”

ಕಸ್ತೂರಿ ಪುಂಡಿಪಲ್ಯದ ಪಾತ್ರೆಯನ್ನು ಸಪ್ಪಳವಾಗುವಂತೆ ಇಟ್ಟಳು. ಹಗಲೆಲ್ಲ ರವಿಕೆ ಹೊಲಿದು, ಸಂಜೆ ರೊಟ್ಟಿ ಬಡಿದು, ಈಗಷ್ಟೇ ತಟ್ಟೆ ಮುಂದೆ ಕೂತಿದ್ದಳು.

“ಎಲ್ಲಾರೂ ನಿಮ್ಮ ನಿಮ್ಮ ಆಟ ಹೇಳಾಕತ್ತೀರಿ. ಆ ಖೋಲಿ ನೋಡ್ರಿ, ಖಾಲಿ ಅದ. ಹಗ್ಗದ ಮ್ಯಾಲ ಅತ್ತಿ ಸೀರಿ ಒಂದೂ ಇಲ್ಲ. ರವಿಕಿ ತರಾವ್ರು ಮೊದಲ ಅಳತಿ ಕೊಡಂಗಿಲ್ಲ, ‘ನಿಮ್ಮತ್ತಿ ಎಲ್ಲಿ?’ ಅಂತ ಕೇಳ್ತಾರ. ಯಾವುದರ ಹಾಕ್ರಿ, ಅತ್ತಿ ಬರೂವಂಥಾದು ಹಾಕ್ರಿ.”



ಬೋನಾಳದ ತಾಯಪ್ಪ ಡಿಶ್ ಕೂಡಿಸುವವನು. ಎಲ್ಲ ಕಂಪನಿಯವೂ ಅವನ ಹತ್ತಿರ ಇದ್ದವು. ಯಾವುದನ್ನು ಕೇಳಿದರೂ ಅದೇ ಛಲೋ ಎನ್ನುತ್ತಿದ್ದ. ಸಂಗಮನಾಥ ಕೆಂಪನೆಯದನ್ನು ಕೇಳಿದ. “ಅದಾ ಬೆಸ್ಟ್ ರೀ ಕಂಡಕ್ಟರ್ ಸಾಹೇಬರ. ಹಾಕಿ ನೋಡ್ರಿ, ಮನಸಿಗಿ ಬರಲಿಲ್ಲಾಂದ್ರ ಬದಲಿ ಮಾಡ್ತೀನಿ,” ಎಂದು ಮಾಳಿಗೆ ಹತ್ತಿದ. ಪಡಸಾಲೆಯಲ್ಲಿ ಹೊಸ ಟಿ.ವಿ. ಬೆಳಗಿತು.

ಆ ಸಂಜೆ ದೇವಕ್ಕನನ್ನು ಕರೆತಂದರು. ಅವಳು ಮನೆಯ ನಡುವೆ ನೆಂಟರ ಹಾಗೆ ಕೂತಳು. ನಾಗಲಕ್ಷ್ಮಿ ಫೋನು ಹಚ್ಚಿ ಸ್ಪೀಕರಿಗೆ ಇಟ್ಟಳು. “ಅಕ್ಕಾ, ಚಾಲೂ ಆಯ್ತು!” ಎಂದಳು ಆಮೀನಾ. ಇಲ್ಲಿ ಇನ್ನೂ ಸಾಬೂನಿನ ಜಾಹೀರಾತು ಓಡುತ್ತಿತ್ತು. ಸ್ವಲ್ಪ ತಡೆದು ಇಲ್ಲೂ ಶುರುವಾಯಿತು.

ಪರದೆಯಲ್ಲಿ ಹಸಿರು ಸೀರೆಯ ಅತ್ತೆ ಸೊಸೆಯ ಪೆಟ್ಟಿಗೆಗೆ ಕೈ ಹಾಕುತ್ತಿದ್ದಳು. ದೇವಕ್ಕ ಮುಂದಕ್ಕೆ ಬಾಗಿದಳು. ಅಷ್ಟರಲ್ಲಿ ಫೋನಿನಲ್ಲಿ ಕೂಗು: “ಯಾ ಅಲ್ಲಾ! ಬಂಗಾರ ಕದ್ಲು ಅಕ್ಕಾ! ಸೊಸಿ ನೋಡೇಬಿಟ್ಲು!”

“ಎಲ್ಲಿ ಕದ್ದಾಳ? ಇನ್ನಾ ಪೆಟ್ಟಿಗಿ ತೆರದಿಲ್ಲ!”

“ತೆರದ್ಲು, ಕದ್ಲು, ಸಿಕ್ಕೂಬಿದ್ಲು!”

ಇಲ್ಲಿ ಅತ್ತೆ ಆಗ ಪೆಟ್ಟಿಗೆ ತೆರೆದಳು. ಎಲ್ಲ ಆಮೀನಾ ಹೇಳಿದಂತೆಯೇ ನಡೆಯಿತು. ಆ ಕಂತು ಮುಗಿಯುವವರೆಗೂ ಹೀಗೇ ಆಯಿತು. ಆಮೀನಾ ಅತ್ತಾಗ ಇಲ್ಲಿ ನಗುವ ದೃಶ್ಯವಿರುತ್ತಿತ್ತು; ಇಲ್ಲಿ ಅಳು ಬರುವ ಹೊತ್ತಿಗೆ ಅವಳು ಮೂಗು ಒರೆಸಿಕೊಂಡಾಗಿರುತ್ತಿತ್ತು.

“ಈಕಿ ನನಗ ಧಾರಾವಾಹಿ ತೋರ್ಸಾಕತ್ತಾಳೋ, ಭವಿಷ್ಯ ಹೇಳಾಕತ್ತಾಳೋ?” ಎಂದು ದೇವಕ್ಕ ಎದ್ದಳು. “ಆಟೋ ಕರೀರಿ.”

ಇದರಲ್ಲಿ ಯಾರ ತಪ್ಪೂ ಇರಲಿಲ್ಲ. ಒಂದೇ ಚಾನೆಲ್ಲಿನ ಒಂದೇ ಚಿತ್ರ ಎಲ್ಲರ ಮನೆಗೂ ಒಂದೇ ಕ್ಷಣಕ್ಕೆ ಬರುವುದಿಲ್ಲ. ಕೇಬಲ್ಲಿನವರಾಗಲಿ ಡಿಶ್ಶಿನವರಾಗಲಿ ಅದನ್ನು ತಮ್ಮ ಕೇಂದ್ರದಲ್ಲಿ ಹಿಡಿದು, ಹಿಂಡಿ ಸಣ್ಣದು ಮಾಡಿ ಕಳಿಸುತ್ತಾರೆ. ಡಿಶ್ಶಿನದು ಮತ್ತೊಮ್ಮೆ ಉಪಗ್ರಹಕ್ಕೆ ಏರಿ ಇಳಿಯುತ್ತದೆ. ಒಬ್ಬೊಬ್ಬರಿಗೆ ಹಿಡಿಯುವ ಹೊತ್ತು ಒಂದೊಂದು. ಕೆಲವು ಸೆಕೆಂಡುಗಳ ಹಿಂದುಮುಂದು ಅಷ್ಟೇ. ತಮ್ಮ ತಮ್ಮ ಮನೆಯಲ್ಲಿ ನೋಡುವವರಿಗೆ ಅದು ತಿಳಿಯುವುದೇ ಇಲ್ಲ. ಫೋನು ಹಿಡಿದು ಕೂಡಿ ನೋಡುವವರಿಗೆ ಮಾತ್ರ ಅದು ಕಾಣುತ್ತದೆ.

ಮಲ್ಲಣ್ಣನ ವಿಚಾರ ಬೇರೆ ಇತ್ತು.

“ವೈರಿಂದ ದೋಷ ಅದು,” ಎಂದ. “ಲೈನ್ ಉದ್ದ ಆದಷ್ಟು ಕೊನೀ ಮನ್ಯಾಗ ಬಲ್ಬ್ ಮಂದ ಉರೀತದ. ನಾ ಜಲ್ಮ ಎಲ್ಲಾ ಅದನ್ನಾ ನೋಡೀನಿ. ಆ ತಾಯಪ್ಪ ಮಾಳಿಗಿ ತುಂಬ ವೈರ್ ಸುತ್ತಿ ಇಟ್ಟಾನ. ಚಿತ್ರ ಅಷ್ಟೂ ಸುತ್ತು ಹಾಕಿ ಬರಬೇಕಲ್ಲ?”

“ಮುತ್ಯಾ, ಹಂಗ ಇರಂಗಿಲ್ಲ.”

“ನೀ ಪುಸ್ತಕ ಓದು. ನಾ ಕಂಬಾ ಓದೀನಿ.”

ಮರುದಿನ ಎಲ್ಲರೂ ಹೊರಗೆ ಹೋದಾಗ ಅವನು ಮಾಳಿಗೆ ಹತ್ತಿ, ಹೆಚ್ಚಿನ ವೈರನ್ನೆಲ್ಲ ಕತ್ತರಿಸಿ ತೆಗೆದು, ತುದಿಯನ್ನು ಮತ್ತೆ ಜೋಡಿಸಿದ. ಕೆಲಸ ಅಚ್ಚುಕಟ್ಟಾಗಿತ್ತು. ಆದರೆ ಉಳಿದ ವೈರು ಟಿ.ವಿ. ಇದ್ದ ಗೋಡೆಯವರೆಗೆ ಬರಲಿಲ್ಲ. ಟಿ.ವಿ.ಯನ್ನು ಮೆಟ್ಟಿಲ ಕೆಳಗೆ ಸರಿಸಬೇಕಾಯಿತು. ಸಂಗಮನಾಥ ಡ್ಯೂಟಿಯಿಂದ ಬಂದು ಮೆಟ್ಟಿಲ ಕೆಳಗೆ ತಲೆ ಬಗ್ಗಿಸಿ ಕೂತು ಕ್ರಿಕೆಟ್ ನೋಡಿದ. ಒಂದು ಸಿಕ್ಸರಿಗೆ ಮೇಲೆದ್ದು ಹಣೆ ಬಡಿಸಿಕೊಂಡ.

“ಅಪ್ಪಾ, ಏನ್ ಮಾಡೀರಿ ಇದು!”

“ಚಿತ್ರ ಬಲೇ ಚುರುಕಾಗ್ಯದ ನೋಡು,” ಎಂದ ಮಲ್ಲಣ್ಣ.

ಚುರುಕಾಗಿರಲಿಲ್ಲ. ದೇವಕ್ಕನನ್ನು ಮತ್ತೆ ಕರೆಸಿ ಮೆಟ್ಟಿಲ ಕೆಳಗೆ ಕೂಡಿಸಿದರು. ಆಮೀನಾ ಮತ್ತೆ ಮೊದಲು ಅತ್ತಳು. ಮತ್ತೆ ಆಟೋ ಬಂತು.

ಎರಡನೆಯ ವಾರ ಕಸ್ತೂರಿ ಮಷಿನ್ನಿಗೆ ಬಟ್ಟೆ ಹೊದಿಸಿ ತಾನೇ ಹೊರಟಳು. ಮೂರನೆಯ ಮನೆಯ ಅರ್ಜುಮಂದ ತಾಲ್ಲೂಕು ಆಸ್ಪತ್ರೆಯ ನರ್ಸು. ಅವಳ ಮಾಳಿಗೆಯ ಮೇಲೆ ನೀಲಿ ಡಿಶ್ ಇತ್ತು. ಏಳೂವರೆಗೆ ಒಂದು ದಿನ ತಮ್ಮ ಅತ್ತೆಯನ್ನು ಕರೆತಂದು ನೋಡಬಹುದೇ ಎಂದು ಕೇಳಿದಳು.

“ಬರ್ರಿ, ಅದಕ್ಕೇನು? ಆದ್ರ ನಮ್ಮ ಡಿಶ್ ನೋಡಾಕ ನಿಮ್ಮತ್ತಿ ಯಾಕ ಬರಬೇಕು?”

“ಅವರಿಗಿ ಹೊಂದಬೇಕ್ರಿ.”

“ಇದೇನು ಚಪ್ಪಲಿಯೇನ್ರಿ?” ಎಂದು ಅರ್ಜುಮಂದ ನಕ್ಕಳು. ನಗು ಮುಗಿಯುವ ಮೊದಲೇ ಒಪ್ಪಿದಳು.

ಆ ಸಂಜೆ ದೇವಕ್ಕ ಅರ್ಜುಮಂದಳ ಸೋಫಾದ ಅಂಚಿನಲ್ಲಿ ಕೂತಳು. ಫೋನು ಹಚ್ಚಿದರು. ಆಮೀನಾಗೆ ಅಪರಿಚಿತ ದನಿ ಕೇಳಿಸಿತು.

“ಅಕ್ಕಾ, ಯಾರ ಮನಿ ಅದು? ಯಾರವ್ವಾ ನೀ? ಯಾವೂರಾಕಿ?”

“ಸುರಪುರ ರೀ. ರಂಗಂಪೇಟಿ,” ಎಂದಳು ಅರ್ಜುಮಂದ.

“ರಂಗಂಪೇಟಿ ಅಂದ್ರ ಯಾರ ಮಗಳು? ಬಳೀ ಅಂಗಡಿ ಸುಲ್ತಾನಸಾಬರ ಮಗಳೇನು?”

“ಅವರ ತಮ್ಮನ ಮಗಳು ರೀ!”

“ಅರೆ ಬೇಟಿ! ನಿನ್ನ ಶಾದಿಗಿ ಬಂದಿದ್ದೆ ನಾ! ಬಿರ್ಯಾನಿ ಉಪ್ಪಾಗಿತ್ತು!”

“ಆಮೀನಾ!” ಎಂದು ದೇವಕ್ಕ ಗದರಿದಳು. “ನಾ ಡಿಶ್ ನೋಡಾಕ ಬಂದೀನಿ, ನೀ ನೆಂಟಸ್ತನ ನೋಡಾಕತ್ತಿ. ಟಿ.ವಿ. ನೋಡು!”

ನೋಡಿದರು. ನೀಲಿಯದು ಕೆಂಪಿನಷ್ಟು ಹಿಂದೆ ಇರಲಿಲ್ಲ. ಆದರೂ ಹಿಂದೆಯೇ ಇತ್ತು. ಆಮೀನಾ “ಹಾಯ್” ಎಂದ ಮೇಲೆ ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತು ಕಳೆದು ಪರದೆಯಲ್ಲಿ ಬಾಗಿಲು ತೆರೆಯುತ್ತಿತ್ತು.

ವಾಪಸು ಬರುವಾಗ ಅತ್ತೆ ಸೊಸೆ ಇಬ್ಬರೇ. ಬೀದಿಯಲ್ಲಿ ಜಲ್ಲಿ ಹರಡಿತ್ತು. ಕಸ್ತೂರಿ ಅತ್ತೆಯ ಮೊಳಕೈ ಹಿಡಿದಿದ್ದಳು.

“ಅತ್ತಿ, ಖರೇ ಹೇಳ್ರಿ. ಡಿಶ್ ನೆವ ಅಲ್ಲೇನು? ನನ್ನ ಮನಿ ನಿಮಗ ಸೇರಂಗಿಲ್ಲ.”

“ಯಾಕ ಸೇರಂಗಿಲ್ಲ? ನೆಲಾ ತಂಪ ಅದ. ಬಚ್ಚಲ ದೊಡ್ಡದದ. ಬೋರಿನ ನೀರು ಸಿಹಿ ಅದ.”

“ಮತ್ತ?”

“ಮತ್ತ ನನ್ನ ಮಾತು ಕೇಳಾವ್ರು ಯಾರದಾರ ಅಲ್ಲಿ? ನಿನ್ನ ಗಂಡ ಬಸ್ಸಿನ್ಯಾಗ. ನಿನ್ನ ಮಗಳು ಫೋನಿನ್ಯಾಗ. ನಿಮ್ಮ ಮಾವ ಕಂಬದ ಮ್ಯಾಲ.”

“ಮಾವಾರು ರಿಟೈರ್ ಆಗಿ ಎಷ್ಟು ವರ್ಷ ಆಯ್ತು!”

“ಆತ ಇನ್ನಾ ಇಳಿದಿಲ್ಲ.”

ಕಸ್ತೂರಿಗೆ ನಗು ಬಂತು, ಸಿಟ್ಟೂ ಬಂತು. “ನಾ ಇಲ್ಲೇನ್ರಿ ಮನ್ಯಾಗ?”

“ಅದೀ. ಬಾಯಾಗ ಟಾಚಣಿ ಹಿಡಕೊಂಡು ಮಷಿನ್ ತುಳೀತಿ. ಒಂದು ಮಾತು ಅಂದ್ರ ‘ಹುಂ’ ಅಂತಿ. ಟಾಚಣಿ ಬಿದ್ದೀತು ಅಂತ ಹೆದರಿ ನಾನೂ ಸುಮ್ಮ ಆಗ್ತೀನಿ.”

ಕಸ್ತೂರಿ ಅತ್ತೆಯ ಮೊಳಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಆಮೇಲೆ ಅಂದಳು: “ನೀಲೀದು ಹಾಕಸ್ತೀನಿ. ಇದ್ದುದರಾಗ ಅದಾ ಹತ್ರ ಅದ. ತಿಂಗಳ ಕೊನಿಗಿ ಬರ್ರಿ ಅತ್ತಿ. ಆಮೀನಾ ಖಾಲಾನ ಪಡಸಾಲ್ಯಾಗ ನೀವು ಮಲಗಿದ್ರ ನಾ ಈ ಊರಾಗ ತಲಿ ಎತ್ತಿ ಅಡ್ಡಾಡಂಗಿಲ್ಲ.”

“ಬರ್ತೀನಿ ನಡಿ,” ಎಂದಳು ದೇವಕ್ಕ. ದನಿಯಲ್ಲಿ ಹುರುಪಿರಲಿಲ್ಲ.

ಕೆಂಪು ಇಳಿದು ನೀಲಿ ಏರಿತು. “ಇದಾ ಬೆಸ್ಟ್ ರೀ ಅಕ್ಕಾರ, ನಾ ಮೊದಲಾ ಹೇಳಿದ್ದೆ,” ಎಂದ ತಾಯಪ್ಪ. ಹೊಸ ವೈರು ಎಳೆದು ಟಿ.ವಿ.ಯನ್ನು ದೇವಕ್ಕನ ಕೋಣೆಯಲ್ಲೇ ಇಟ್ಟರು. ಕ್ರಿಕೆಟ್ಟಿನ ಚಾನೆಲ್ಲು ಬೇರೆ ತೆಗೆದುಕೊಳ್ಳಬೇಕಿತ್ತು. ಸಂಗಮನಾಥ ಬೇಡವೆಂದ. “ಡ್ರೈವರ್ ಫೋನಿನ್ಯಾಗ ಸ್ಕೋರ್ ನೋಡ್ತೀನಿ. ಬಸ್ ನಿಂತಾಗ,” ಎಂದು ಹೆಂಡತಿಯ ಮುಖ ನೋಡಿ ಸೇರಿಸಿದ.

ತಿಂಗಳ ಕೊನೆಯ ದಿನ ಮಂಚ ಬಂತು, ಒಲೆ ಬಂತು, ಕೊನೆಗೆ ದೇವಕ್ಕ ಬಂದಳು. ಮರುದಿನ ಬೆಳಿಗ್ಗೆ ಅವಳ ಸೀರೆ ಹಗ್ಗದ ಮೇಲೆ ಒಣಗಿತು. ಕಸ್ತೂರಿ ಅದನ್ನು ಬೀದಿಯ ಕಡೆಯ ಹಗ್ಗಕ್ಕೇ ಹಾಕಿದ್ದಳು.

ಆದರೆ ಏಳೂವರೆಯ ಕಷ್ಟ ಹೋಗಲಿಲ್ಲ. ಆ ವಾರ ಧಾರಾವಾಹಿಯಲ್ಲಿ ಕಳೆದುಹೋದ ಮಗನ ಗುಟ್ಟು ಒಡೆಯುವುದಿತ್ತು. ದೇವಕ್ಕ ಬೆಳಿಗ್ಗೆಯಿಂದ ಕಾದಿದ್ದಳು. ಪರದೆಯಲ್ಲಿ ಕಾಗದ ಬಿಚ್ಚುವ ಹೊತ್ತಿಗೆ ಫೋನಿನಿಂದ ಆಮೀನಾ ಕೂಗಿದಳು: “ಹಾಲು ಮಾರಾಂವನಾ ಮಗಾ ಅಕ್ಕಾ! ಹಾಲಿನಾಂವ!”

ದೇವಕ್ಕ ಟಿ.ವಿ. ಬಂದ್ ಮಾಡಿದಳು. “ನೀ ಮೊದಲಾ ಬಾಯಿ ಬಿಟ್ಟು ಎಲ್ಲಾ ಕೆಡಿಸಿದಿ!”

“ನನ್ನ ಟಿ.ವಿ. ಮುಂದ ಓಡಿದ್ರ ನಾ ಏನ್ ಮಾಡ್ಲಿ? ಹಗ್ಗಾ ಹಾಕಿ ಹಿಡೀಲೇನು?”

“ಹಿಡಿ! ಇಲ್ಲಾಂದ್ರ ಫೋನ್ ಹಚ್ಚಬ್ಯಾಡ!”

“ಹಚ್ಚಂಗಿಲ್ಲ ಹೋಗು!”

ಆಮೇಲಿನ ದಿನಗಳಲ್ಲಿ ದೇವಕ್ಕ ಮನೆಯ ಕೆಲಸಕ್ಕೆ ಬಿದ್ದಳು. ತೊಗರಿಬೇಳೆ ಆರಿಸಿದಳು, ಶೇಂಗಾ ಹಿಂಡಿ ಕುಟ್ಟಿದಳು, ತೊಳೆದ ಪಾತ್ರೆಗಳನ್ನು ಮತ್ತೆ ತೊಳೆದಳು. ಏಳೂವರೆಗೆ ರೊಟ್ಟಿ ಬಡಿಯಲು ಕೂತಳು. ಐದು ಜನರ ಮನೆಗೆ ಹತ್ತು ಜನರ ರೊಟ್ಟಿಯಾಯಿತು. ಯಾರೂ ಟಿ.ವಿ. ಹಚ್ಚಲಿಲ್ಲ.

ಸಂಗಮನಾಥ ಕೇಳಿದ: “ಯವ್ವಾ, ದಿನಾ ಸಂಜೀಕ ಆಟೋದಾಗ ಕಳಿಸ್ಲೇನು? ಅಲ್ಲೇ ಕುಂತು ನೋಡಿ ಬಾ.”

“ದೀಪಾ ಹಚ್ಚೂ ಹೊತ್ತಿನ್ಯಾಗ ಮನಿ ಬಿಟ್ಟು ಹೋಗ್ಲೇನು? ಜನ ನಿನ್ನ ಹೇಣ್ತಿಗಿ ಏನಂತಾರ?” ಎಂದು ಅವಳು ರೊಟ್ಟಿ ತಿರುವಿ ಹಾಕಿದಳು.

ಒಳಗಿನಿಂದ ಕೇಳಿಸಿಕೊಂಡ ಕಸ್ತೂರಿಯ ಮಷಿನ್ನು ಸ್ವಲ್ಪ ಹೊತ್ತು ನಿಂತಿತು.

ಮುಂದಿನ ವಾರ ಒಂದು ಸಂಜೆ ಆಮೀನಾಳೇ ಫೋನು ಮಾಡಿದಳು. ಏನೂ ಆಗದವಳಂತೆ ಅಂದಳು: “ಹಚ್ಚು ಅಕ್ಕಾ. ಮಲ್ಕಪ್ಪ ಏನೋ ರಿಪೇರಿ ಮಾಡ್ಯಾನ. ಈಗ ನನ್ನ ಟಿ.ವಿ. ನಿನ್ನದರ ಜೋಡಿಗಿ ಬಂದದ.”

ದೇವಕ್ಕ ನಂಬದೆ ಹಚ್ಚಿದಳು. ಪರದೆಯಲ್ಲಿ ಹಾಲು ಮಾರುವ ಮಗನನ್ನು ಹಸಿರು ಸೀರೆಯ ಅತ್ತೆ ಬಾಗಿಲಿಂದಲೇ ಅಟ್ಟಿದಳು. “ಅಯ್ಯ, ನಿನ್ನ ಬಾಯಿಗಿ ಮಣ್ಣ ಬೀಳ್ಲಿ!” ಎಂದಳು ದೇವಕ್ಕ. “ಮಣ್ಣ ಬೀಳ್ಲಿ!” ಎಂದಳು ಆಮೀನಾ. ಇಬ್ಬರೂ ಕೂಡಿ ಬೈದರು, ಕೂಡಿ ಅತ್ತರು. ಆ ಸಂಜೆ ದೇವಕ್ಕ ಹೆಚ್ಚಿಗೆ ಒಂದು ರೊಟ್ಟಿ ತಿಂದಳು.

“ನೋಡಿದೇನು? ಹೊಸಾ ವೈರ್ ಗಿಡ್ಡ ಎಳಿ ಅಂತ ನಾ ನಿಂತು ಹೇಳೀನಿ,” ಎಂದ ಮಲ್ಲಣ್ಣ. ದಾರಿಯಲ್ಲಿ ಸಿಕ್ಕ ತಾಯಪ್ಪ, “ಸೆಟ್ಟಿಂಗ್ ಬದಲ್ ಮಾಡೀನ್ರಿ” ಎಂದ. ದೇವಕ್ಕ ಎಲ್ಲ ಶ್ರೇಯಸ್ಸನ್ನೂ ನೀಲಿ ಡಿಶ್ಶಿಗೇ ಕೊಟ್ಟು, ಅರ್ಜುಮಂದಳಿಗೆ ಒಂದು ಡಬ್ಬಿ ಶೇಂಗಾ ಹಿಂಡಿ ಕಳಿಸಿದಳು.

ಆಮೀನಾಳ ಮನೆಯಲ್ಲಿ ಮದುವೆಯೊಂದಿತ್ತು; ಅವಳ ರವಿಕೆ ಹೊಲಿದು ಮುಗಿದಿತ್ತು. ಒಂದು ಸಂಜೆ ಕಸ್ತೂರಿ ಅದನ್ನು ಕೊಡಲು ಹಳೆ ಓಣಿಗೆ ಹೋದಳು. ಬಾಗಿಲು ತೆರೆದೇ ಇತ್ತು. ಹೊಸ್ತಿಲಲ್ಲಿ ಕೂತಿದ್ದ ದಸ್ತಗೀರಸಾಬ ತುಟಿಯ ಮೇಲೆ ಬೆರಳಿಟ್ಟು, ಒಳಗೆ ನೋಡು ಎಂಬಂತೆ ಕಣ್ಣು ಮಾಡಿದ.

ಆಮೀನಾ ಟಿ.ವಿ. ಮುಂದೆ ಕೂತಿದ್ದಳು. ಫೋನು ತೊಡೆಯ ಮೇಲಿತ್ತು. ಸೆರಗನ್ನು ಉಂಡೆ ಮಾಡಿ ಬಾಯಿಗೆ ಒತ್ತಿಕೊಂಡಿದ್ದಳು. ಪರದೆಯಲ್ಲಿ ಸೊಸೆ ಹಾಲಿನವನನ್ನು ‘ಅಣ್ಣಾ’ ಎಂದು ಕರೆದು ಒಳಗೆ ಕರೆದೊಯ್ಯುತ್ತಿದ್ದಳು. ಆಮೀನಾಳ ಕಣ್ಣಿಂದ ನೀರು ಸುರಿಯುತ್ತಿತ್ತು, ಭುಜ ಅಲುಗುತ್ತಿತ್ತು, ಬಾಯಿಂದ ಒಂದು ಚೂರೂ ಸದ್ದಿಲ್ಲ. ಅವಳ ಕಣ್ಣು ಟಿ.ವಿ.ಯ ಮೇಲಿರಲಿಲ್ಲ, ಫೋನಿನ ಮೇಲಿತ್ತು.

ಫೋನು ಕೂಗಿತು: “ಕರದ್ಲು ನೋಡು ಆಮೀನಾ! ಅಣ್ಣಾ ಅಂದ್ಲು!”

ಸೆರಗು ಬಾಯಿಂದ ಬಿತ್ತು. “ಅಂದ್ಲು ಅಕ್ಕಾ, ಅಂದ್ಲು! ಹೌ!”

“ಇವತ್ತ ನಾ ಮೊದಲ ನೋಡಿದೆ!”

“ನೀನಾ ಮೊದಲ, ಅಕ್ಕಾ! ನಿನ್ನ ಡಿಶ್ ಛಲೋ ಅದ!”

ಕಂತು ಮುಗಿದು ಫೋನು ಇಟ್ಟ ಮೇಲೆ ಆಮೀನಾ ಕಸ್ತೂರಿಯನ್ನು ಕಂಡಳು. ಮೊದಲು ಬೆಚ್ಚಿದಳು, ಆಮೇಲೆ ಕೈ ಹಿಡಿದುಕೊಂಡಳು. “ಆಕಿಗಿ ಹೇಳಬ್ಯಾಡ ಬೇಟಿ.”

“ಮಲ್ಕಪ್ಪ ರಿಪೇರಿ ಮಾಡ್ಯಾನ ಅಂದ್ರಿ, ಖಾಲಾ?”

“ಮಲ್ಕಪ್ಪ ಈ ಓಣಿ ಕಡಿ ಹಾದಿಲ್ಲ,” ಎಂದ ದಸ್ತಗೀರಸಾಬ ಹೊಸ್ತಿಲಿಂದ. “ನಾ ಅಂದೆ: ಟಿ.ವಿ.ಗಿ ಹಗ್ಗಾ ಹಾಕಾಕ ಆಗಂಗಿಲ್ಲ, ನಿನ್ನ ಬಾಯಿಗಿ ಹಾಕ್ಕೋ ಅಂತ. ಶಾದಿ ಆದಾಗಿಂದ ಹೇಳಾಕತ್ತೀನಿ, ಕೇಳಿರಲಿಲ್ಲ. ದೇವಕ್ಕನ ಸಲುವಾಗಿ ಕೇಳ್ಯಾಳ.”

ಕಸ್ತೂರಿ ಮನೆಗೆ ಬಂದಾಗ ದೇವಕ್ಕ ತಟ್ಟೆ ಹಾಕುತ್ತಿದ್ದಳು. ಮುಖದಲ್ಲಿ ಚಿಂತೆಯಿತ್ತು.

“ಕಸ್ತೂರಿ, ಒಂದು ಮಾತು. ಆಮೀನಾನ ಟಿ.ವಿ. ಹಿಂದ ಬಿದ್ದಂಗ ಕಾಣ್ತದ. ದಿನಾ ನಾನಾ ಮೊದಲ ಅನ್ನಾಕತ್ತೀನಿ. ಆಕಿ ಆಮ್ಯಾಲ ಅಂತಾಳ.”

“ಹೌದೇನ್ರಿ ಅತ್ತಿ?”

“ಹುಂ. ಪಾಪ, ಆಕಿ ಏನೂ ಅನ್ನಂಗಿಲ್ಲ. ನಂದು ಹಿಂದ ಇದ್ದಾಗ ನಾ ಎಷ್ಟು ಬೈದೆ. ನಾಳಿಂದ ನಾನಾ ತಡೀತೀನಿ. ಆಕಿ ಅಂದ ಮ್ಯಾಲ ಅಂತೀನಿ.”

ಕಸ್ತೂರಿ ಬಾಯಿ ತೆರೆದಳು. ಹೇಳಬೇಡವೆಂದು ಆಮೀನಾ ಕೈ ಹಿಡಿದದ್ದು ನೆನಪಾಗಿ ಮುಚ್ಚಿದಳು. “ಪಲ್ಯ ಹಾಕ್ರಿ,” ಎಂದಳು.

ಮರುದಿನ ಏಳೂವರೆಗೆ ಅವಳು ಮಷಿನ್ನು ಬಿಟ್ಟು ಎದ್ದು ಅತ್ತೆಯ ಕೋಣೆಯ ಬಾಗಿಲಲ್ಲಿ ನಿಂತಳು. ಧಾರಾವಾಹಿ ನಡೆದಿತ್ತು. ಹಸಿರು ಸೀರೆಯ ಅತ್ತೆ ಕಾಲೆತ್ತಿ ಮಗನ ಹಾಲಿನ ಕ್ಯಾನನ್ನು ಒದ್ದಳು. ಚೆಲ್ಲಿದ ಹಾಲಿನ ಮೇಲೆ ತಾನೇ ಜಾರಿ, ಸೊಸೆಯ ಕಾಲ ಬಳಿ ಬೋರಲು ಬಿದ್ದಳು. ಎಷ್ಟೋ ತಿಂಗಳಿಂದ ಇಬ್ಬರೂ ಬೇಡಿಕೊಂಡಿದ್ದ ಸಂಗತಿ ಅದು.

ದೇವಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಫೋನಿನಲ್ಲೂ ಸದ್ದಿಲ್ಲ. ಪರದೆಯಲ್ಲಿ ಅತ್ತೆ ಬಿದ್ದೇ ಇದ್ದಳು. ಅದನ್ನು ಮೂರು ದಿಕ್ಕಿನಿಂದ ತೋರಿಸಿದರು. ದೇವಕ್ಕನ ಕಣ್ಣು ತುಂಬಿ ಬಂದವು, ಮುಖ ಕೆಂಪಾಯಿತು. ಅವಳು ಫೋನನ್ನೇ ನೋಡುತ್ತಿದ್ದಳು.

“ಲೈನ್ ಕಟ್ ಆಯ್ತೇನು?” ಎಂದ ಮಲ್ಲಣ್ಣ. ದೇವಕ್ಕ ಅವನಿಗೆ ಕೈ ಬೀಸಿ ಸುಮ್ಮನಿರಿಸಿದಳು.

ಹಳೆ ಓಣಿಯಲ್ಲಿ ಇನ್ನೊಂದು ಸೆರಗು ಇನ್ನೊಂದು ಬಾಯಲ್ಲಿ ಇರುವುದು ಕಸ್ತೂರಿಗೆ ಮಾತ್ರ ಗೊತ್ತಿತ್ತು. ಅವಳು ಎರಡು ಹೆಜ್ಜೆಗೆ ಒಳಗೆ ಬಂದು, ಮಂಚದ ಮೇಲೆ ಕೂತು, ಫೋನಿಗೆ ಬಾಯಿ ಹಚ್ಚಿ ಕೂಗಿದಳು:

“ಅಯ್ಯ ಯವ್ವಾ! ಬಿದ್ಲು ನೋಡ್ರಿ! ಮಾರಿ ಕೆಳಗಾಗಿ ಬಿದ್ಲು!”

“ಬಿದ್ಲು!” ಎಂದು ದೇವಕ್ಕ ಮಂಚ ಗುದ್ದಿದಳು. “ಬಿದ್ಲು ಅಕ್ಕಾ, ಹಲ್ಲು ಹೋಗ್ಯಾವ!” ಎಂದು ಫೋನು ಕಿರುಚಿತು. ಇಬ್ಬರೂ ಒಮ್ಮೆಗೇ ಮಾತಾಡಿದ್ದರಿಂದ ಮುಂದಿನದು ಯಾರಿಗೂ ತಿಳಿಯಲಿಲ್ಲ. ಸದ್ದು ಕೇಳಿ ನಾಗಲಕ್ಷ್ಮಿ ಪುಸ್ತಕ ಹಿಡಿದೇ ಓಡಿ ಬಂದಳು.

ಜಾಹೀರಾತು ಬಂದಾಗ ಕಸ್ತೂರಿ ಏಳಲು ಹೋದಳು. ದೇವಕ್ಕ ಅವಳ ಸೆರಗು ಹಿಡಿದು ಎಳೆದಳು.

“ಕುಂದರು. ಇನ್ನಾ ಅದ.”

“ರೊಟ್ಟಿ ಬಡೀಬೇಕು, ಅತ್ತಿ.”

“ಆಮ್ಯಾಲ ಇಬ್ಬರೂ ಕೂಡಿ ಬಡಿಯೋಣು.”

ದೇವಕ್ಕ ಗೋಡೆಯ ಕಡೆ ಸರಿದು ಜಾಗ ಮಾಡಿದಳು. ಫೋನಿನಿಂದ ಆಮೀನಾ ಕೇಳಿದಳು: “ಅಕ್ಕಾ, ಮೊದಲ ಕೂಗಿದಾಕಿ ಯಾರು?”

“ನಮ್ಮ ಕಸ್ತೂರಿ.”

 ಆಮೀನಾ ಅಂದಳು:

“ಹಂಗಾದ್ರ ಆಕಿನ್ನ ದಿನಾ ಕೂಡಿಸ್ಕೋ ಅಕ್ಕಾ. ಆಕೀದು ನಮ್ಮಿಬ್ಬರಕಿಂತ ಮುಂದ ಅದ.”